ದ್ವಾರಕಾಬಾಯಿಯ ಮಾತು

ಸೊಲ್ಲಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಅನುಜಾ ಕಲಿಸುತ್ತಿದ್ದ ವಿಷಯದ ಹೆಸರು ಇಂಟರಾಕ್ಷನ್ ಡಿಸೈನ್. ಅದೇನೆಂದು ನೆಂಟರು ಕೇಳಿದಾಗಲೆಲ್ಲ ಅವಳು ತನ್ನ ಫೋನು ತೆಗೆದು ತೋರಿಸುತ್ತಿದ್ದಳು. "ಈ ಬಟನ್ ಇಲ್ಲೇ ಯಾಕದ, ಕೆಂಪ ಯಾಕದ, ಒತ್ತಿದ್ರ ಟಿಣ್ ಅಂತ ಯಾಕ ಅಂತದ, ಇದನ್ನೆಲ್ಲ ಯಾರೋ ಕುಂತು ವಿಚಾರ ಮಾಡಿರ್ತಾರ. ಆ ವಿಚಾರ ಮಾಡೂದನ್ನ ನಾ ಕಲಸ್ತೀನಿ." ನೆಂಟರು ತಲೆಯಾಡಿಸಿ, "ಅಂದ್ರ ಕಂಪ್ಯೂಟರ್ ಟೀಚರ್" ಎಂದು ಮುಗಿಸಿಬಿಡುತ್ತಿದ್ದರು. ಅವಳ ತಾಯಿ ದ್ವಾರಕಾಬಾಯಿ ಮಾತ್ರ ಅಷ್ಟಕ್ಕೇ ಬಿಡುವವಳಲ್ಲ. "ನಮ್ಮ ಅನು ಮಶೀನಿಗೆ ಮಂದಿ ಜೋಡಿ ಹ್ಯಾಂಗ ಮಾತಾಡ್ಬೇಕು ಅಂತ ಕಲಸ್ತಾಳ" ಎಂದು ಓಣಿಗೆಲ್ಲ ಸಾರಿದ್ದಳು.

ದ್ವಾರಕಾಬಾಯಿ ಅಂಥ ಮಾತಿನ ಹೆಂಗಸು. ತರಕಾರಿಯವನು ಗಾಡಿ ನಿಲ್ಲಿಸಿದರೆ ಮೊದಲು ಅವನ ಮಗಳ ಬಾಣಂತನದ ಸುದ್ದಿ, ಆಮೇಲೆ ಮೆಂತ್ಯ ಪಲ್ಯೆ. ಅರ್ಧ ಕನ್ನಡ, ಅರ್ಧ ಮರಾಠಿ, ಎದುರಿಗಿದ್ದವರಿಗೆ ಯಾವುದು ತಿಳಿಯುವುದೋ ಅದು. ಗಂಡ ಶಿವಾನಂದರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಯ ಮಾತೆಲ್ಲ ಹೆಂಡತಿಯೇ ಆಡಿ ಮುಗಿಸುತ್ತಿದ್ದುದರಿಂದ ಅವರ ಪಾಲಿಗೆ ಪೇಪರು ಉಳಿಯುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅವಳ ಬಲಗೈ ಹಾಗೇ ನಿಂತುಬಿಟ್ಟಿತು. ಲಕ್ವಾ ಹೊಡೆದಿತ್ತು. ಆಸ್ಪತ್ರೆಯವರು ಜೀವ ಉಳಿಸಿದರು, ಕಾಲಿಗೆ ನಿಧಾನವಾಗಿ ಬಲವೂ ಬಂತು. ಆದರೆ ಮಾತು ಹೋಗಿತ್ತು. ಉಳಿದದ್ದು ಒಂದೇ ಒಂದು: "ಅದ." ನೀರು ಬೇಕಾದರೂ ಅದ, ಸಿಟ್ಟು ಬಂದರೂ ಅದ, ಮಗಳನ್ನು ಕರೆದರೂ ಅದ. ಅವಳಿಗೆ ಎಲ್ಲ ತಿಳಿಯುತ್ತದೆ, ಹೇಳಬೇಕಾದದ್ದೂ ಒಳಗಿದೆ, ಒಳಗಿನಿಂದ ಬಾಯಿಗೆ ಬರುವ ದಾರಿ ಮಾತ್ರ ಕೆಟ್ಟಿದೆ ಎಂದು ಡಾಕ್ಟರು ಹೇಳಿದರು.

ಅನುಜಾಳಿಗೆ ದುಃಖದ ಜೊತೆಗೇ ಒಂದು ಹುರುಪೂ ಹುಟ್ಟಿತು. ಇಂಥವರಿಗೆಂದೇ ಮಾಡಿದ ಚಿತ್ರಫಲಕಗಳ ಬಗ್ಗೆ ಅವಳು ಓದಿದ್ದಳು, ತರಗತಿಯಲ್ಲಿ ಪಾಠವನ್ನೂ ಮಾಡಿದ್ದಳು. ಒಂದು ಟ್ಯಾಬ್ ತಂದು, ರಜೆ ಹಾಕಿ ಕೂತು, ತಾಯಿಗಾಗಿ ಒಂದನ್ನು ತಯಾರು ಮಾಡಿದಳು. ದೊಡ್ಡ ದೊಡ್ಡ ಚಿತ್ರಗಳು. ಒತ್ತಿದರೆ ಮಾತಾಡುತ್ತದೆ: ನೀರು ಬೇಕು, ಚಹಾ ಬೇಕು, ಹಸಿವಾಗಿದೆ, ನೋವಾಗುತ್ತಿದೆ, ಬಚ್ಚಲಿಗೆ ಹೋಗಬೇಕು. ಅದೇ ಕಾಲೇಜಿನಲ್ಲಿ ಬಿಸಿನೆಸ್ ಕಲಿಸುವ ಅಮೇಯ ಅದನ್ನು ನೋಡಿ ಕಣ್ಣರಳಿಸಿದ. "ಅನುಜಾ, ಇದನ್ನ ಪ್ರತಿಯೊಂದು ದವಾಖಾನಿನೂ ತಗೋತದ. ನೀ ರಿಸರ್ಚ್ ಪೇಪರ್ ಬರಿ, ಮಾರೂದು ನನಗ ಬಿಡು."

ದ್ವಾರಕಾಬಾಯಿ ಟ್ಯಾಬನ್ನು ನೋಡಿದಳು, ಮಗಳನ್ನು ನೋಡಿದಳು, ಎಡಗೈಯಿಂದ ಅದನ್ನು ಬೋರಲು ಮಾಡಿ ಇಟ್ಟಳು. ಅನುಜಾ ಬಣ್ಣ ಬದಲಿಸಿದಳು, ಚಿತ್ರ ಇನ್ನೂ ದೊಡ್ಡದು ಮಾಡಿದಳು, ಹೊಸ ದನಿ ಹಾಕಿದಳು. ಪ್ರತಿ ಸಲವೂ ಟ್ಯಾಬು ಬೋರಲಾಯಿತು. ಬಳಸುವವರ ಮನಸ್ಸು ತಿಳಿಯಿರಿ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವಳು ಹೆತ್ತ ತಾಯಿಯ ಮನಸ್ಸೇ ಸಿಗದೆ ಅಡುಗೆಮನೆಯಲ್ಲಿ ನಿಂತು ಅತ್ತಳು.

ಒಂದು ಭಾನುವಾರ ಅಮೇಯ ಮನೆಗೆ ಬಂದ. ಅವನು ಕೂರುವ ಮೊದಲೇ ದ್ವಾರಕಾಬಾಯಿ ಅವನ ತೋಳು ಜಗ್ಗಿ, ಆಮೇಲೆ ಅದೇ ಕೈಯನ್ನು ತನ್ನ ಬಾಯಿಯ ಹತ್ತಿರ ಒಯ್ದು, "ಅದ? ಅದ?" ಎಂದಳು.

"ಹಸಿವ್ಯಾಗೇದೇನವ್ವಾ?" ಎಂದು ಅನುಜಾ ಓಡಿ ಬಂದು ಹಸಿವಿನ ಚಿತ್ರ ಒತ್ತಿದಳು. ತಾಯಿ ತಲೆ ಕೊಡವಿದಳು. ನೀರಿನ ಚಿತ್ರ ಒತ್ತಿದಳು. ತಾಯಿಯ ಕಣ್ಣು ತುಂಬಿತು. "ಅದ!" ಎಂದು ಕೂಗಿ ಮಂಚದ ಪಟ್ಟಿ ಬಡಿದಳು.

ಪೇಪರಿನ ಹಿಂದಿನಿಂದ ಶಿವಾನಂದರು ಮೆಲ್ಲಗೆ ಹೇಳಿದರು. "ಆಕಿಗಿ ಹಸಿವಿಲ್ಲವ್ವಾ. ಅವಗ ಊಟ ಆತೇನ್ ಅಂತ ಕೇಳಾಕತ್ತಾಳ."

ದ್ವಾರಕಾಬಾಯಿ ಉಸಿರು ಬಿಟ್ಟು ದಿಂಬಿಗೆ ಒರಗಿದಳು. "ಆಗೇದ ಅವ್ವಾ, ಉಂಡೇ ಬಂದೀನ್ರಿ" ಎಂದು ಅಮೇಯ ತೊದಲಿದ. ಅವಳು ನಂಬದವಳಂತೆ ಅವನ ಹೊಟ್ಟೆಯ ಕಡೆ ನೋಡಿದಳು. ಮನೆಗೆ ಬಂದವರೆಲ್ಲರನ್ನೂ ಅವಳು ನೋಡುತ್ತಿದ್ದ ರೀತಿಯೇ ಅದು.

ಅವನು ಹೋದ ಮೇಲೆ ಅನುಜಾ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಚಿತ್ರ ನೋಡಿದಳು. ಬೇಕು, ಬೇಕು, ಬೇಕು. ತೆರೆಯ ತುಂಬ ಬರೀ ಬೇಕುಗಳು. ತನಗಾಗಿ ಒಂದು ಲೋಟ ನೀರನ್ನೂ ಕೇಳಿ ಗೊತ್ತಿಲ್ಲದ ಹೆಂಗಸಿಗೆ ಬೇಡುವ ಬಟನ್‍ಗಳನ್ನಷ್ಟೇ ಮಾಡಿಕೊಟ್ಟಿದ್ದಳು. ಮತ್ತೊಬ್ಬರನ್ನು ವಿಚಾರಿಸುವುದು, ಬೈಯುವುದು, ಚೇಷ್ಟೆ ಮಾಡುವುದು, ಸಮಾಧಾನ ಹೇಳುವುದು, ಅವಳ ತಾಯಿಯ ಮಾತೆಂದರೆ ಅಷ್ಟೇ ಅಲ್ಲವೇ? ಅದರಲ್ಲಿ ಒಂದೂ ಅಲ್ಲಿರಲಿಲ್ಲ.

ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿದಳು. ಯಾರ ದನಿ ಹಾಕುವುದೆಂದು ಯೋಚಿಸುತ್ತ ಫೋನು ತೆಗೆದಾಗ ತಾಯಿ ಹಿಂದೆ ಕಳಿಸಿದ್ದ ವಾಯ್ಸ್ ಮೆಸೇಜುಗಳು ಕಂಡವು. ಬರೆಯಲು ಬೇಸರ ಎಂದು ದ್ವಾರಕಾಬಾಯಿ ಎಲ್ಲರಿಗೂ ದನಿಯನ್ನೇ ಕಳಿಸುತ್ತಿದ್ದಳು. ಅನುಜಾ ಓಣಿಯವರನ್ನು, ನೆಂಟರನ್ನು ಕೇಳಿದಳು. ಮರುದಿನದಿಂದ ಮೆಸೇಜುಗಳು ಬರತೊಡಗಿದವು. ಎಷ್ಟೋ ಫೋನುಗಳಲ್ಲಿ ತಾಯಿಯ ದನಿ ಹಾಗೇ ಕಾದಿಟ್ಟಂತೆ ಉಳಿದಿತ್ತು. "ಇಷ್ಟ ಯಾಕ ಸೊರಗೀದಿ?" "ಸುಳ್ಳ ಹೇಳಬ್ಯಾಡ, ಮೋತಿ ನೋಡಿದ್ರ ತಿಳೀತದ." "ಹೋಗ್ಲಿ ಬಿಡವ್ವಾ, ಮನಸಿಗಿ ಹಚ್ಕೋಬ್ಯಾಡ." ಅನುಜಾ ಕೇಳುತ್ತ ಕೇಳುತ್ತ ಬೆರಗಾದಳು. ಒಬ್ಬ ಹೆಂಗಸು ಇಷ್ಟು ಜನರೊಳಗೆ ಇಷ್ಟೊಂದು ಹರಡಿಕೊಂಡಿರಬಹುದೇ!

ಹೊಸ ತೆರೆಯ ಮೇಲೆ ಮೊದಲ ಬಟನ್ ಒತ್ತಿದ ದಿನ ತನ್ನದೇ ದನಿ "ಊಟ ಆತೇನ?" ಎಂದದ್ದನ್ನು ಕೇಳಿ ದ್ವಾರಕಾಬಾಯಿ ಬೆಚ್ಚಿದಳು. ಮತ್ತೆ ಒತ್ತಿದಳು. ಆಮೇಲೆ ನಕ್ಕಳು. ಸಂಜೆಯ ಹೊತ್ತಿಗೆ ಗಂಡನಿಗೆ, ಮಗಳಿಗೆ, ಹಾಲಿನವನಿಗೆ, ಬಾಗಿಲಲ್ಲಿ ನಿಂತ ಬೆಕ್ಕಿಗೆ, ಎಲ್ಲರಿಗೂ ಊಟ ಆತೇನ.

ಸಂಕ್ರಾಂತಿಯಾದ ಮೇಲೆ ಕರಜಗಿಯಿಂದ ತಂಗಿ ಜನಾಬಾಯಿ ಬಂದಳು. ದ್ವಾರಕಾಬಾಯಿಯ ತವರು ಕರಜಗಿ. ಕುರಿ ಸಾಕುವ ಮನೆತನ, ಬೀರಪ್ಪ ಮನೆದೇವರು. ಜನಾಬಾಯಿಗೆ ಟ್ಯಾಬು ಬೇಕಾಗಲಿಲ್ಲ. ಅಕ್ಕನ ಪಕ್ಕ ಕೂತು, ಅವಳ ಸೋತ ಬಲಗೈಗೆ ಎಣ್ಣೆ ತಿಕ್ಕುತ್ತ, ಅಭ್ಯಾಸಬಲದಿಂದ ಬೀಸುವಾಗಿನ ಹಾಡು ಗುನುಗತೊಡಗಿದಳು.

"ಹಟ್ಟಿಯ ಬಾಗಿಲಕ ಹಾಲ ಚೆಲ್ಲಿ ನಿಂತೇನ, ಬೀರಪ್ಪ ಬರುವ ಬೆಳಗಾಗ..."

ಅನುಜಾ ಒಳಗೆ ಚಹಾ ಸೋಸುತ್ತಿದ್ದಳು. ಮುಂದಿನ ಸಾಲಿಗೆ ಎರಡು ದನಿ ಕೇಳಿದವು.

"...ಕರಿಯ ಕಂಬಳಿ ಹಾಸಿ, ಕರುಳ ಹೂವ ಏರಿಸಿ..."

ಸೋಸುವ ಜಾಲರಿ ಕೈಯಲ್ಲೇ ಹಿಡಿದು ಅವಳು ಬಾಗಿಲಿಗೆ ಬಂದಳು. ತಾಯಿ ಹಾಡುತ್ತಿದ್ದಳು. ತೊದಲಿಲ್ಲ, ತಡವರಿಕೆಯಿಲ್ಲ. ಕಂಬಳಿ, ಕರುಳು, ಹೂವು, ಒಂದೊಂದು ಶಬ್ದವೂ ತೊಳೆದಿಟ್ಟ ಹಾಗೆ. ಜನಾಬಾಯಿ ಹೆದರಿ ನಿಲ್ಲಿಸಿದಳು. ದ್ವಾರಕಾಬಾಯಿ ನಿಲ್ಲಿಸಲಿಲ್ಲ, ಒಬ್ಬಳೇ ಹಾಡಿ ಮುಗಿಸಿದಳು. ಹಾಡು ಮುಗಿದದ್ದೇ ಏನೋ ಹೇಳಲು ಬಾಯಿ ತೆರೆದಳು. "ಅದ" ಎಂದಳು.

"ಅನೂ, ಇದೇನವ್ವಾ ಇದು?" ಜನಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಹಾಡಾಕ ಬರ್ತದ, ಮಾತಾಡಾಕ ಬರೂದಿಲ್ಲ?"

"ತಲಿಯಾಗ ಮಾತು ಒಂದ ಕಡಿ ಇರ್ತದಂತ ಚಿಗವ್ವಾ, ಹಾಡು ಇನ್ನೊಂದ ಕಡಿ. ಪುಸ್ತಕದಾಗ ಓದಿದ್ದೆ." ಹಾಗೆನ್ನುತ್ತ ಅನುಜಾ ತಾಯಿಯ ಪಕ್ಕಕ್ಕೆ ಬಂದು ಕೂತಳು. ಪುಸ್ತಕದಲ್ಲಿ ಓದಿದ್ದು ಬೇರೆ. ತಾಯಿಯ ತಲೆಯೊಳಗೆ ಇಡೀ ಒಂದು ಕೋಣೆ ದೀಪ ಆರದೆ ಉಳಿದಿದೆ ಎಂದು ಕಣ್ಣಾರೆ ನೋಡುವುದು ಬೇರೆ.

ಅನುಜಾಳ ಹಳೆಯ ವಿದ್ಯಾರ್ಥಿನಿ ಮನೀಷಾ ಅಕ್ಕಲಕೋಟದವಳು. ಈ ಸುದ್ದಿ ಕೇಳಿ ಫೋನು ಮಾಡಿದಳು. ಅವಳ ತಂದೆ ಗುರುಶಾಂತ ಎಸ್.ಟಿ. ಬಸ್ಸಿನ ಕಂಡಕ್ಟರ್ ಆಗಿದ್ದವರು. ಅವರಿಗೂ ಅದೇ ರೋಗ, ಅವರೂ ಮಾತು ಕಳೆದುಕೊಂಡಿದ್ದರು. "ಮ್ಯಾಡಮ್, ಬಾಬಾ ಯಾರ ಮುಂದೂ ಬರೂದಿಲ್ರಿ. ಗ್ವಾಡಿ ಕಡಿ ಮೋತಿ ಮಾಡಿ ಮಲಗ್ತಾರ. ಒಮ್ಮೆ ಬರ್ರಿ."

ಅಮೇಯ ತನ್ನ ಕಾರಿನಲ್ಲಿ ಕರೆದೊಯ್ದ. ದ್ವಾರಕಾಬಾಯಿಯೂ ಹಟ ಮಾಡಿ ಹತ್ತಿ ಕೂತಿದ್ದಳು. ಅಕ್ಕಲಕೋಟದಲ್ಲಿ ಭಕ್ತರ ಸಂದಣಿ ದಾಟಿ ಮನೀಷಾಳ ಮನೆ ಮುಟ್ಟಿದಾಗ ಗುರುಶಾಂತ ನಿಜಕ್ಕೂ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅನುಜಾ ಮಾತಾಡಿಸಿದಳು, ಮಿಸುಕಲಿಲ್ಲ. ಟ್ಯಾಬು ತೋರಿಸಿದಳು, ತಿರುಗಲಿಲ್ಲ. ಆಗ ಅವಳಿಗೆ ಒಂದು ಯೋಚನೆ ಬಂತು. ಹಾಡಿನಂತೆ, ಬಾಯಿಗೆ ರೂಢಿಯಾದದ್ದು ಇವರಲ್ಲೂ ಉಳಿದಿರಬಹುದಲ್ಲ?

"ಮನೀಷಾ, ನಿಮ್ಮ ಬಾಬಾ ಯಾವ ರೂಟಿನ ಮ್ಯಾಲ ಇದ್ರು?"

"ಸೊಲ್ಲಾಪುರ–ಕರಜಗಿ ರೀ."

ಅನುಜಾ ಕಂಡಕ್ಟರುಗಳ ರಾಗದಲ್ಲೇ ಕೂಗಿದಳು. "ಸೊಲ್ಲಾಪುರ... ಕುಂಭಾರಿ..."

ಹಾಸಿಗೆಯಲ್ಲಿ ಬೆನ್ನು ಅಲುಗಿತು. ಒಂದು ಗಡಸು ದನಿ ಗೋಡೆಗೇ ಹೇಳಿತು. "ವಳಸಂಗ."

ಮನೀಷಾ ಬಾಯಿಯ ಮೇಲೆ ಕೈ ಮುಚ್ಚಿಕೊಂಡಳು. ಸ್ವಂತ ಮಗಳ ಹೆಸರು ಹೇಳಲಾರದ ಆ ಮನುಷ್ಯ ನಿಧಾನವಾಗಿ ಈ ಕಡೆ ತಿರುಗಿದರು. "ಅಕ್ಕಲಕೋಟ... ಚಲಾ, ಪುಢೇ ಚಲಾ..." ಎಂದು ಮರಾಠಿಯಲ್ಲಿ ಮುಂದೆ ಸರಿಯಿರೆಂದು ಗದರಿದರು. ಎದ್ದು ಕೂತರು. ಮುಖದ ಮೇಲೆ ಬಸ್ಸಿನ ಬೆಳಕೇ ಬಿದ್ದಂತಿತ್ತು. "ಜೇವೂರ... ಕರಜಗಿ... ಕರಜಗಿ ಯಾರ್ರೀ?"

ಕುರ್ಚಿಯಲ್ಲಿದ್ದ ದ್ವಾರಕಾಬಾಯಿ ಎಡಗೈಯಿಂದ ಹಿಡಿ ಒತ್ತಿ ಎದ್ದು ನಿಂತಳು. ಅಮೇಯ ಆಸರೆ ಕೊಡಲು ಓಡಿದ. ಅವಳು ಅವನನ್ನು ಸರಿಸಿದಳು. ತುಟಿಗಳು ಹುಡುಕಿದವು, ತಪ್ಪಿದವು, ಮತ್ತೆ ಹುಡುಕಿದವು.

"ಇ... ಇಳೀತೀನ್ರಿ," ಎಂದಳು. "ಇಳೀತೀನ್ರಿ, ತಡೀರಿ."

ಗುರುಶಾಂತ ಅವಳನ್ನು ದಿಟ್ಟಿಸಿದರು. ಆಮೇಲೆ ಕೈ ಮೇಲೆತ್ತಿ, ಅಲ್ಲಿಲ್ಲದ ಗಂಟೆಯ ಹಗ್ಗ ಎಳೆದು, ಅವಳಿಗಾಗಿ ಬಸ್ಸು ನಿಲ್ಲಿಸಿದರು.

ಇಬ್ಬರೂ ನಕ್ಕರು. ನಗುವಿನ ಬೆನ್ನಿಗೇ ದ್ವಾರಕಾಬಾಯಿ "ಅದ ಅದ" ಎಂದು ಏನನ್ನೋ ದೂರತೊಡಗಿದಳು, ಅವರು ಊರಿನ ಹೆಸರುಗಳಲ್ಲೇ ಉತ್ತರ ಕೊಟ್ಟರು. ಊಟದ ಹೊತ್ತು ಮೀರುವವರೆಗೂ ಅದು ನಡೆಯಿತು. ಏನು ಮಾತಾಡಿದರೋ ಯಾರಿಗೂ ತಿಳಿಯಲಿಲ್ಲ, ಮಾತಾಡಿದರೆಂಬುದು ಮಾತ್ರ ಎಲ್ಲರಿಗೂ ತಿಳಿಯಿತು. ಅನುಜಾ ರೆಕಾರ್ಡ್ ಮಾಡಲೆಂದು ತೆಗೆದ ಫೋನನ್ನು ಒಳಗಿಟ್ಟು ನೆಲದ ಮೇಲೆ ಕೂತು ನೋಡುತ್ತ ಉಳಿದಳು. ಅಮೇಯ ಮೆಲ್ಲಗೆ, "ಇದನ್ನ ಹ್ಯಾಂಗ ಮಾರೂದು ನನಗ ತಿಳೀವಲ್ದು" ಎಂದ. ಅವನ ದನಿಯಲ್ಲಿ ನಿರಾಸೆಯಿರಲಿಲ್ಲ.

ದ್ವಾರಕಾಬಾಯಿಯ ಮಾತು ಪೂರ್ತಿ ಮರಳಲಿಲ್ಲ, ಮರಳಲಾರದು ಎಂದೇ ಡಾಕ್ಟರು ಹೇಳುತ್ತಾರೆ. ಅಲ್ಲೊಂದು ಇಲ್ಲೊಂದು ಶಬ್ದ, ಬಹಳ ಸಲ ರಾಗದ ಬೆನ್ನು ಹತ್ತಿ, ಹೇಳದೆ ಕೇಳದೆ ಬಂದು ನಿಲ್ಲುತ್ತದೆ. ಅನುಜಾ ಈಗ ವಿದ್ಯಾರ್ಥಿಗಳಿಗೆ ಕಂಪ್ಯೂಟರು ಮುಟ್ಟಲು ಬಿಡುವ ಮೊದಲು ಮಾತು ಕಳೆದುಕೊಂಡವರ ಮನೆಗಳಿಗೆ ಕಳಿಸುತ್ತಾಳೆ. ಏನನ್ನೂ ಮಾಡಬೇಡಿ, ಮೊದಲು ಕೂತು ಬನ್ನಿ ಎನ್ನುತ್ತಾಳೆ. ಗುರುಶಾಂತರ ಮನೆಗೆ ಹೋಗುವ ದಿನಗಳಲ್ಲಿ ತಾಯಿಗೆ ಕಾರು ಸೇರುವುದಿಲ್ಲ, ಬಸ್ಸೇ ಆಗಬೇಕು. ಕಿಟಕಿಯ ಪಕ್ಕದ ಸೀಟು ಹಿಡಿದು, ಸೆರಗು ಸರಿಮಾಡಿಕೊಂಡು, ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಸೀಟಿನವರು ಯಾರಿರಬಹುದೆಂದು ನೋಡತೊಡಗುತ್ತಾಳೆ.