ವಾಗ್ದಾನದ ಚೀಟಿ

ಜನವರಿ ಒಂದನೇ ತಾರೀಕು ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಒಂದು ಬುಟ್ಟಿ ಬರುತ್ತದೆ. ಅದರ ತುಂಬ ಬೈಬಲ್ಲಿನ ವಾಕ್ಯ ಬರೆದ ಚೀಟಿಗಳು. ಒಬ್ಬೊಬ್ಬರು ಒಂದೊಂದು ಎತ್ತಬೇಕು. ಅದೇ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ತುಮಕೂರಿನ ನಮ್ಮ ಸಭೆಗೆ ಆ ಚೀಟಿ ಬರೆಯುವವಳು ನಮ್ಮಮ್ಮ. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ದುಂಡಗೆ ಬರೆಯುತ್ತಾಳೆ. ಎಲ್ಲವೂ ಸಿಹಿ ವಾಕ್ಯಗಳೇ.

ಗುಬ್ಬಿಯಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದ ಅಪ್ಪನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ದೇವರು ಗದರಿದ್ದನ್ನೆಲ್ಲ ಬಿಟ್ಟು ಮುದ್ದು ಮಾಡಿದ್ದನ್ನಷ್ಟೇ ಆರಿಸುವುದು ಶುದ್ಧ ಮೋಸ ಎಂದು ಅವರ ವಾದ. ವರ್ಷಪೂರ್ತಿ ಬೈಗುಳ ತಿನ್ನುವ ಜನಕ್ಕೆ ಒಂದು ದಿನವಾದರೂ ಒಳ್ಳೇ ಮಾತು ಬೇಡವೇ ಎಂದು ಅಮ್ಮನದು. ಒಂದು ವರ್ಷ ಅಪ್ಪ ಪ್ರವಾದಿಗಳ ಪುಸ್ತಕದಿಂದ ನಾಲ್ಕು ಖಾರದ ವಾಕ್ಯ ಕದ್ದುಮುಚ್ಚಿ ಸೇರಿಸಿಬಿಟ್ಟರು. ಕಲ್ಲಿನ ಮನೆ ಕಟ್ಟಿಕೊಂಡರೂ ಅದರಲ್ಲಿ ವಾಸ ಮಾಡಲಾರಿರಿ ಎನ್ನುವ ವಾಕ್ಯ, ಹಿಂದಿನ ವಾರವಷ್ಟೇ ಹೊಸ ಮನೆಗೆ ಒಕ್ಕಲಾಗಿದ್ದವರ ಕೈಗೇ ಸಿಗಬೇಕೇ! ಪಾಪ, ಅವರು ಸಂಜೆ ನಮ್ಮನೆಗೆ ಬಂದು, ಮನೆ ಮಾರಿಬಿಡಲೇ ಎಂದು ಕೇಳಿದರು. ಅಮ್ಮ ಹದಿನೈದು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಇನ್ನೊಂದು ಸೌಟು ಸಾರು ಬೇಕಾದರೂ ಅರ್ಜಿ ನನ್ನ ಮೂಲಕವೇ ಹೋಗಬೇಕಿತ್ತು. ಇಬ್ಬರಿಗೂ ಎರಡು ಬಾರಿಸೋಣ ಅನ್ನಿಸುತ್ತಿತ್ತು ನನಗೆ. ಆದರೂ ಆ ಜಗಳವಿಲ್ಲದ ಡಿಸೆಂಬರು ನನಗೆ ಡಿಸೆಂಬರೇ ಅಲ್ಲ.

ಈಚೆಗೆ ಆ ಜಗಳ ನಿಜಕ್ಕೂ ಯಾರ ಬಗ್ಗೆ ಎಂದು ಮೂವರಿಗೂ ಗೊತ್ತಿತ್ತು. ಅಮ್ಮನ ತಮ್ಮ, ಕುಣಿಗಲ್ಲಿನ ನನ್ನ ಸೋದರಮಾವ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಎಂಟು ವರ್ಷದ ಹಿಂದೆ ಕುಡಿದು ಟೆಂಪೋ ಓಡಿಸಿ, ಹೆಬ್ಬೂರಿನ ಹತ್ತಿರ ಸೈಕಲ್ಲಿನಲ್ಲಿ ಡೇರಿಗೆ ಹಾಲು ಒಯ್ಯುತ್ತಿದ್ದ ರೈತನೊಬ್ಬನ ಜೀವ ತೆಗೆದ. ಜೈಲಿಗೆ ಹೋಗಿಬಂದ, ಕುಡಿತ ಬಿಟ್ಟ. ಚರ್ಚಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಅಪ್ಪ ಅವನೊಂದಿಗೆ ಮಾತೇ ಆಡುತ್ತಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಿದ್ದರು. ಕುಡಿದಾಯಿತಲ್ಲ, ಇನ್ನೆಷ್ಟು ಕೊಡ ಕುಡಿಯಬೇಕು ಎಂದು ಅಮ್ಮ ರೇಗುತ್ತಿದ್ದಳು. ತಾನು ಕಣ್ಣು ಮುಚ್ಚುವುದರೊಳಗೆ ತಮ್ಮ ಮತ್ತೆ ಚರ್ಚಿನಲ್ಲಿ ಕೂರಬೇಕು, ಅವಳಿಗಿದ್ದ ಆಸೆ ಅದೊಂದೇ.

ಈ ವರ್ಷ ಅವನು ಬಂದ. ಕೊನೇ ಬೆಂಚಿನ ತುದಿಯಲ್ಲಿ, ನನ್ನ ಪಕ್ಕ ಕೂತ. ಬುಟ್ಟಿ ಹಿಡಿದು ಬಂದವರು ಅಪ್ಪ. ಮಾವ ಒಂದು ಚೀಟಿ ಎತ್ತಿ ಓದಿದ. ಮುಖ ಕಪ್ಪಿಟ್ಟಿತು. ಇದು ಅಪ್ಪನದೇ ಕೈವಾಡ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಬಗ್ಗಿ ನೋಡಿದರೆ ಅಕ್ಷರ ಅಮ್ಮನದು. ನಿನ್ನ ಪಾಪಗಳನ್ನು ಇನ್ನು ನೆನಪಿಗೆ ತರುವುದಿಲ್ಲ ಎನ್ನುವ ವಾಕ್ಯ.

ಮಾವ ಅದನ್ನು ಬುಟ್ಟಿಗೇ ವಾಪಸ್ ಹಾಕಿ, ಹೊರಡಲು ಎದ್ದು ನಿಂತ.

"ದೇವ್ರೇ ಮರ್ತುಬುಟ್ರೆ ಆ ಮನುಷ್ಯನ್ನ ಇನ್ಯಾರ್ ನೆನೀತಾರೆ ಭಾವ? ನಂಗ್ ಬ್ಯಾಡ ಇದು."

ಮುಂದಿನ ಸಾಲಿನಲ್ಲಿದ್ದ ಅಮ್ಮ ತಿರುಗಿದಳು. ಅಪ್ಪ ಈಗ ಏನಾದರೂ ಚುಚ್ಚಿದರೆ ಇವನು ಇನ್ನು ಈ ಜನ್ಮದಲ್ಲಿ ಬರುವುದಿಲ್ಲ ಎಂದುಕೊಂಡೆ. ಅಪ್ಪ ಬುಟ್ಟಿಯನ್ನು ಬೆಂಚಿನ ಮೇಲಿಟ್ಟರು.

"ನಾನ್ ನೆನೀತೀನಿ ಕಣೋ," ಅಂದರು. "ದಿನಾ ಬೆಳಿಗ್ಗೆ ಪ್ರಾರ್ಥನೇಲಿ ಅವನ ಹೆಸ್ರು ಹೇಳ್ತೀನಿ. ಆಮೇಲೆ ನಿಂದು."

ಎಂಟು ವರ್ಷ ಒಂದೇ ಮನೆಯಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಮಾವ ಅಪ್ಪನ ಮುಖವನ್ನೇ ನೋಡುತ್ತ ನಿಂತ.

"ಮೊದ್ಲು ಅವಂದೇ ತಾನೆ?"

"ಮೊದ್ಲು ಅವಂದೇ."

ಮಾವ ಕೂತುಕೊಂಡ.