ನಕ್ಷೆಯ ಮೇಲಿನ ಕಲ್ಲುಗಳು

ಸಮುದ್ರದಡಿಯ ಕಲ್ಲಿಗೆ ಸಿಕ್ಕಿ ಬಲೆ ಹರಿದರೆ ಆ ಜಾಗಕ್ಕೆ ಮೊಬೈಲಿನ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಡಬೇಕು. ಉಳಿದ ದೋಣಿಯವರು ಅದನ್ನು ನೋಡಿ ದೂರ ಸರಿಯಬೇಕು. ಕುಂದಾಪುರದ್ದೊಂದು, ಬೈಂದೂರಿನದ್ದೊಂದು, ಎರಡು ಮೀನುಗಾರರ ಸಂಘಗಳು ಒಟ್ಟಿಗೆ ಬಳಸಲೆಂದು ನಾವು ಮಾಡಿಕೊಟ್ಟ ಆ್ಯಪ್ ಇಷ್ಟೇ.

ಸ್ವಲ್ಪ ದಿನದಲ್ಲಿ ಬೈಂದೂರಿನವರು ಒಂದೇ ಕಡೆ ಚುಕ್ಕೆಗಳ ರಾಶಿ ಹಾಕಿದ್ದರು. ನೀರಿನಡಿ ಅಲ್ಲೊಂದು ಗುಡ್ಡವೇ ಇದೆಯೇನೋ ಎಂದು ನನಗೆ ಕುತೂಹಲ. ಎರಡೂ ಸಂಘಗಳ ಸಭೆಯಲ್ಲಿ ಅದನ್ನು ತೋರಿಸಿದೆ. ಕುಂದಾಪುರದ ಶೇಖರಣ್ಣ ಎದ್ದು ನಿಂತರು.

“ಹ್ವಾಯ್ ಮಂಜಣ್ಣ, ಅಷ್ಟ್ ಕಲ್ಲಿಪ್ಪಲ್ಲಿ ನೀವ್ ದಿನಾ ಬಲೆ ಬಿಡುದ್ ಎಂತಕೆ?”

ಬೈಂದೂರಿನ ಮಂಜಣ್ಣ ಇನ್ನೊಂದು ಲೋಟ ಚಾ ತರಲು ಎದ್ದು ಹೋದರು. ಸಭೆಯೆಲ್ಲ ನಕ್ಕಿತು. ಅಲ್ಲಿರುವುದು ಕಲ್ಲಲ್ಲ, ಮೀನು ಎಂದು ನನಗೂ ಆಗಲೇ ಹೊಳೆದದ್ದು.

ಮೀನಿನ ಜಾಗವನ್ನೂ ನೇರವಾಗಿಯೇ ಹಂಚಿಕೊಳ್ಳಲಿ ಎಂದು ಹಸಿರು ಚುಕ್ಕೆಯನ್ನೂ ಸೇರಿಸಿದೆ. ಮೊದಲ ಹಸಿರು ಚುಕ್ಕೆ ಇಟ್ಟವರು ಶೇಖರಣ್ಣ. ಖುಷಿಯಿಂದ ಮಂಜಣ್ಣನಿಗೆ ಫೋನ್ ಮಾಡಿದೆ.

“ಕಂಡೆ ಮಾರಾಯ್ರೆ. ನಮ್ ಬಲೆ ಹರ್ದದ್ದ್ ಅಲ್ಲೇ. ಅಲ್ಲಿಪ್ಪುದ್ ಬರೀ ಕಲ್ಲ್!”

ಅಂತೂ ಆ ಸಮುದ್ರದ ಬಗ್ಗೆ ಇಬ್ಬರಿಗೂ ಗೊತ್ತಿರುವುದೆಲ್ಲ ಈಗ ನಕ್ಷೆಯಲ್ಲಿದೆ. ಬಣ್ಣ ಮಾತ್ರ ಅದಲುಬದಲು.