ಕೈ ಕುಲುಕಿದರೆ ನಾಡಿ

ಡಾಟ್‌ಕಾಮ್ ಆಫೀಸುಗಳಿಗೆ ನಾನು ಅಡುಗೆ ಮಾಡಿ ಕಳಿಸುತ್ತಿದ್ದ ಕಾಲದಲ್ಲಿ, ಪ್ಲೆಸೆಂಟನ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ಚಿಲಿ ದೇಶದ ಡಾಕ್ಟರು. ಯಾರ ಕೈ ಕುಲುಕಿದರೂ ಅವರ ಬೆರಳು ಮಣಿಕಟ್ಟಿಗೆ ಜಾರಿ ನಾಡಿ ನೋಡುತ್ತಿತ್ತು. ನಮ್ಮ ಮನೆಯಲ್ಲಿ ಉಂಡು ಅವರು ಕಲಿತ ಕನ್ನಡ ಇಷ್ಟೇ: "ಮೊದಲು ಕೂತ್ಕೊಳ್ಳಿ."

ಆಮೇಲೆ ಅವರು ತಮ್ಮ ದೇಶಕ್ಕೆ ಹೋಗಿ ಚುನಾವಣೆಗೆ ನಿಂತು ಗೆದ್ದರು. ಮತ್ತೆ ಬಂದಾಗ ಪಕ್ಕದೂರು ಸ್ಯಾನ್ ರಮೋನ್‌ನಲ್ಲಿ ಅವರ ಕಡೆಯವರು ಸತ್ಕಾರ ಇಟ್ಟರು. ಅಡುಗೆ ನನ್ನದೇ. ಬೆಳಿಗ್ಗೆಯಿಂದ ಎದೆ ಹಿಂಡುತ್ತಿತ್ತು, ಒಪ್ಪಿಕೊಂಡ ಕೆಲಸ ಬಿಡುವವನು ನಾನಲ್ಲ.

ಡಾಕ್ಟರು ಸಾಲಿನಲ್ಲಿದ್ದವರ ಕೈಯನ್ನು ಸರಸರ ಕುಲುಕುತ್ತಿದ್ದರು.

"ಈಗ ರಾಜಕಾರಣಿ ಕಣ್ರೀ, ನಾಡಿಗೀಡಿ ಮರೆತಿರ್ತಾರೆ," ಅಂದಳು ಹೆಂಡತಿ.

ನಮ್ಮ ಸರದಿ ಬಂದಾಗ, ನನ್ನ ಕೈ ಹಿಡಿದ ಡಾಕ್ಟರು ಬಿಡಲಿಲ್ಲ.

"ಏನಿಲ್ಲ ಡಾಕ್ಟ್ರೇ, ಗ್ಯಾಸು."

"ಮೊದಲು ಕೂತ್ಕೊಳ್ಳಿ."

ಆಂಬುಲೆನ್ಸು ಬರುವವರೆಗೆ ಅವರು ಇನ್ನೊಬ್ಬರ ಕೈ ಕುಲುಕಲಿಲ್ಲ.